ಅಳತಿ ವಹಿ

ಮಂಗಳವಾರ ಪೇಠದ ಹಿಂದಿನ ಗಲ್ಲಿಯೊಳಗ ನನ್ನ ಡಿಟಿಪಿ ಅಂಗಡಿ.
ಬೋರ್ಡಿನ್ಯಾಗ ಮರಾಠಿ ದೊಡ್ಡದು, ಕೆಳಗ ಕನ್ನಡ ಸಣ್ಣದು.
ಲಗ್ನಪತ್ರಿಕಿ, ಮಠದ ರಸೀದಿ ಬುಕ್ಕು,
ತೀರಿಹೋದವರ ಫೋಟೋದ ಕೆಳಗ ಎರಡು ಸಾಲು,
ಸೊಲ್ಲಾಪುರದಾಗ ಕನ್ನಡಕ್ಕ ಇಷ್ಟ ಗಿರಾಕಿ.
ಮತ್ತ ನೀಲಾಂಬಿಕಾ ಬಿರಾಜದಾರ.

ಇಪ್ಪತ್ತಾರು ವರ್ಷ ಮುಂಬೈದಾಗ ಕುಂತು
ಬಟ್ಟಿ ಬಗ್ಗೆ ಬರದಾಕಿ.
ಈ ವರ್ಷ ತೋಳು ಎಷ್ಟು ಗಿಡ್ಡ, ಕೊರಳು ಎಷ್ಟು ಆಳ,
ಯಾವ ನಟಿ ಸೆರಗಿಗೆ ಯಾವ ಪಿನ್ನು ಚುಚ್ಚಿದ್ಲು,
ಎಲ್ಲಾ ಆಕಿ ಹೇಳಿದ ಮ್ಯಾಲ ನಿಜ.
ನಮ್ಮಕ್ಕ ಆ ಪುಟ ಹರದು ಟ್ರಂಕಿನ ತಳಕ್ಕ ಹಾಸಿದ್ಲು,
ಮ್ಯಾಲ ತನ್ನ ಎರಡು ಇಳಕಲ್ಲು ಇಟ್ಟಿದ್ಲು.
ಹೇಳಿದ್ರ ನಕ್ಕಳು:
“ಅದಕ್ಕಿಂತ ಛಲೋ ಜಾಗ ನನ್ನ ಬರಹಕ್ಕ ಸಿಗಲಿಲ್ಲ ನೋಡು.”

ಪತ್ರಿಕಿ ಮುಚ್ಚಿತು. ಅದ ವಾರ ಯಾವುದೋ ಹುಡುಗಿ
ಆಕಿಯ ಎರಡು ಪುಟದ ಮಾತು
ಫೋನಿನ್ಯಾಗ ಅರ್ಧ ನಿಮಿಷಕ್ಕ ಮುಗಿಸಿದ್ಲಂತ.
ರಾತ್ರಿ ಗಾಡಿ ಹತ್ತಿ ಬಂದ್ಲು.
ಒಂದು ಸೂಟ್‌ಕೇಸು, ಹನ್ನೊಂದು ಕುರ್ತಾ, ಎಲ್ಲಾ ಕಪ್ಪು.

ಜೀವನಚರಿತ್ರಿ ಬರೀತೀನಿ ಅಂದ್ಲು.
ಯಾರದು? ಮಠದ ಅಪ್ಪಾವರದೇನು, ಗಿರಣಿ ಸಾವಕಾರಂದೇನು?
“ಮಕ್ತುಮ್ ಮಾಸ್ತರದು.”
ನಾ ಕೀಬೋರ್ಡಿಂದ ಬೆರಳು ಎತ್ತಿದೆ.
ಲೇಡೀಸ್ ಟೇಲರ್ ಮಕ್ತುಮ್! ತೊಂಬತ್ತೊಂದು ವಯಸ್ಸು,
ಒಂದು ಕಣ್ಣಿಗೆ ಮೋತಿಬಿಂದು,
ನಾಟಕ ಕಂಪನಿ ಬಂದಾಗ ರಾಣಿಗೂ ದಾಸಿಗೂ
ಒಂದ ಥಾನಿನ್ಯಾಗ ಜಂಪರ ಹೊಲದಾವ.
ಅವಗ ಎಂಥಾ ಚರಿತ್ರಿ?

ವಾರಕ್ಕ ಹನ್ನೆರಡು ಹಾಳಿ ತರ್ತಿದ್ಲು.
ಮೊದಮೊದಲು ಹಳೇ ಚಟ: ಮನಮೋಹಕ, ಅಪರೂಪ, ಸೊಬಗು.
ಮುಂದಿನ ವಾರ ತಾನ ಬಂದು ಅಳಿಸು ಅಂತಿದ್ಲು.
ಮೂರನೇ ಅಧ್ಯಾಯಕ್ಕ ಬರೂದರಾಗ
ಗಿರಣಿ ಭೋಂಗಾ ಆತು. ಮಾಸ್ತರ ಎದ್ದ. ಮಷೀನಿಗೆ ಎಣ್ಣಿ ಬಿಟ್ಟ.
ಹಿಂಗ, ಇಷ್ಟ.

ಒಂದಿನ ಅವನ ಅಳತಿ ವಹಿ ತಂದ್ಲು.
ಕೆಂಪು ಅರಿವಿ ರಟ್ಟು, ಕನ್ನಡ ಅಂಕಿ.
ಎದಿ, ತೋಳು, ಬೆನ್ನು. ಊರಿನ ಹೆಣ್ಮಕ್ಕಳೆಲ್ಲಾ ಅದರಾಗ,
ಒಬ್ಬಾಕಿಗೂ ತನ್ನ ಹೆಸರಿಲ್ಲ:
ಪತ್ತಾರ ಸೊಸಿ. ಜೋಡಬಾವಿ ಟೀಚರು.
ಸ್ಟೇಷನ್ ಮಾಸ್ತರ ಎರಡನೇಕಿ.
“ಎಲ್ಲಾ ಟೈಪ್ ಮಾಡು, ಪುಸ್ತಕದ ಕಡೀಕ ಹಾಕೂನು.”

ಅಂಕಿ ಹೊಡಿಯೂದು ಬ್ಯಾಸರದ ಕೆಲಸ. ನಲವತ್ತನೇ ಪುಟಕ್ಕ ಬಂದೆ.
ಬಿರಾಜದಾರ ಮನಿ, ಸಣ್ಣಾಕಿ.
ಶ್ರಾವಣಕ್ಕ ಎದಿ ಮೂವತ್ತೆರಡು.
ದೀಪಾವಳಿಗೆ ಮೂವತ್ತೈದು, ಬದೀಗೆ: ಒಳಗ ಅರಿವಿ ಬಿಡೂದು.
ಸಂಕ್ರಾಂತಿಗೆ ಮೂವತ್ತೇಳು.
ಯುಗಾದಿಗೆ ಮೂವತ್ತೊಂದು.
ಅದರ ಮುಂದ: ರೊಕ್ಕ ತಗೊಂಡಿಲ್ಲ.

ಇಸವಿ ನೋಡಿದೆ. ನೀಲಾಂಬಿಕಾ ಹುಟ್ಟಿದ್ದು
ಅದಾಗಿ ಮೂರು ವರ್ಷಕ್ಕ.
ಚೊಚ್ಚಲ, ಒಬ್ಬಾಕಿ ಮಗಳು ಅಂತ
ತಾನ ಎಷ್ಟೋ ಸಲ ಹೇಳಿದ್ಲು.

ಆಕಿ ಬಾಜೂಕ ಸ್ಟೂಲಿನ ಮ್ಯಾಲ ಕುಂತು
ನನ್ನ ಜೋಡಿ ಪರದೆ ನೋಡ್ತಿದ್ಲು.
ಎದುರು ಅಂಗಡ್ಯಾಗ ಶೇಂಗಾ ಚಟ್ನಿ ಕುಟ್ಟೂ ಸಪ್ಪಳ.
“ಮಾಸ್ತರನ ಕೇಳಿದ್ರೇನು?”
“ಕೇಳಿದೆ. ಅಳತಿ ತಗೊಳ್ಳಾವ ಮಾರಿ ನೋಡಬಾರದು ಬೇಟಿ, ಅಂದ.”
“ಅವ್ವ?”
“ಅವ್ವ ಹೋಗಿ ಹದಿನಾಲ್ಕು ವರ್ಷ.”

ಈ ಸಾಲು ತಗದು ಬಿಡ್ಲಿ?
ಭಾಳ ಹೊತ್ತಿನ ಮ್ಯಾಲ ಅಂದ್ಲು: “ಇರಲಿ.
ಹೆಸರು ಹಾಕಬ್ಯಾಡ. ಟಿಪ್ಪಣಿ ಬ್ಯಾಡ.
ಪುಸ್ತಕ ಮಾಸ್ತರದು.”

ಪ್ರೂಫ್ ನೋಡೂಮುಂದ ಆ ಪುಟದಾಗ ಒಂದ ತಪ್ಪು ಸಿಕ್ಕಿತು.
ತಗೊಂಡಿಲ್ಲ ಅನ್ನೂದಕ್ಕ ನಾ ಒತ್ತು ಬಿಟ್ಟಿದ್ದೆ.
ಕೆಂಪು ಪೆನ್ನಿಲೆ, ಸೂಜಿಗೆ ದಾರ ಪೋಣಿಸಿಧಂಗ,
ಸಾವಕಾಶ ಲ ಕೆಳಗ ಲ ಇಟ್ಟಳು.

ಬಿಲ್ಲು ಕೊಟ್ಟೆ. ಕಣ್ಣಿಗೆ ಚಾಳೀಸು ಏರಿಸಿ ಎಣಿಸಿದ್ಲು.
“ಒಂದು ಪುಟ ಕಡಿಮಿ ಹಿಡದೀಯಲ್ಲ?”
ಲೆಕ್ಕ ತಪ್ಪಿರಬೇಕು, ಅಂದೆ.