ಹದಿನೇಳರ ಗಡಿಯಾರ

ಪಾಮಿರಿನ ಈ ಮಗ್ಗುಲಲ್ಲಿ ಜೂನ್ ಬಂದರೂ
ಕೆರೆಯ ಮೇಲೆ ಹೆಪ್ಪು ಒಡೆದಿರುವುದಿಲ್ಲ.
ಅದರ ಸುತ್ತ, ಕಲ್ಲಿನ ಸಂದಿಗಳಲ್ಲಿ,
ನಲವತ್ತೊಂದು ಡಬ್ಬಿಗಳು, ಅಂಗೈಯಗಲ,
ಒಂದೊಂದಕ್ಕೂ ಎರಡು ಬ್ಯಾಟರಿ, ಒಂದು ಕಡ್ಡಿ ಆಂಟೆನಾ.
ನಾನು ಸವ್ಸನ್. ವರ್ಷಕ್ಕೊಮ್ಮೆ ಹತ್ತಿ ಬಂದು
ಇವುಗಳ ಕಿವಿ ಒರೆಸಿ ಹೋಗುತ್ತೇನೆ.

ಬಹಳ ನಿದ್ದೆಯವು ಇವು.
ಹತ್ತು ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು
ನೀರೆಷ್ಟು, ಕಲ್ಲುಮಣ್ಣಿನ ಏರಿ ಎಷ್ಟು ಜರುಗಿತು ನೋಡಿ
ಮತ್ತೆ ಮುಸುಕೆಳೆದುಕೊಳ್ಳುತ್ತವೆ.
ಏನೂ ಬದಲಾಗದಿದ್ದರೆ ತುಟಿ ಪಿಟಕ್ಕೆನ್ನವು.
ಅಳೆಯುವುದಕ್ಕಿಂತ ಹೇಳುವುದು ದುಬಾರಿ,
ದೂರಕ್ಕೆ ಕೂಗುವುದು ಇನ್ನೂ ದುಬಾರಿ;
ಅದಕ್ಕೇ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿ,
ಅವನು ಮುಂದಿನವನಿಗೆ,
ಹೀಗೆ ಕಣಿವೆ ಇಳಿಯುತ್ತದೆ ಸುದ್ದಿ.
ಎಂಟು ಮಂದಿಯ ಮಾತನ್ನು ಒಂದೇ ಮೂಟೆ ಕಟ್ಟಿ ಹೊರುವ
ಹಿರಿತನ ಸರದಿಯ ಮೇಲೆ.
ನಿನ್ನೆ ಹೊತ್ತವನು ಇಂದು ಮಲಗಬೇಕು,
ಇಲ್ಲವಾದರೆ ಯಜಮಾನನೇ ಮೊದಲು ಸಾಯುತ್ತಾನೆ.

ಗುಟ್ಟೂ ಇದೆ ಇವುಗಳ ನಡುವೆ.
ಬಾಗಿಲು ತಟ್ಟಿದವರೆಲ್ಲ ನೆಂಟರಲ್ಲ:
ಮೊದಲು ಮುದ್ರೆ ತೋರಿಸು, ಆಮೇಲೆ ಹೊತ್ತು ಹೇಳು.
ನಿನ್ನೆಯ ಮಾತು ಕದ್ದು ಇಂದು ಮಾರುವವರುಂಟು,
ಹಳಸಿದ್ದನ್ನು ಯಾರೂ ಹೊರಕೂಡದು.
ಈ ಕಾನೂನು ಬರೆದದ್ದು ನಾನೇ,
ಖೋರೋಗಿನ ಕೋಣೆಯಲ್ಲಿ, ಉಪ್ಪು ಬೆಣ್ಣೆ ಹಾಕಿದ ಹಾಲಿನ ಚಹಾ ಹೀರುತ್ತ.
ಬರೆದು ಎರಡು ದಿನ ಬೀಗಿದ್ದೆ ಕೂಡ.

ಹದಿನೇಳು, ಹೋದ ಆಗಸ್ಟಿನಿಂದ ಮೌನ.
ಹಿಂಬದಿಯ ಕೊಳ್ಳದಲ್ಲಿ ಅದೊಂದೇ ಇತ್ತು.
ಸತ್ತಿದೆ, ಎಂದು ವರದಿಯಲ್ಲಿ ಬರೆದೆ.
ಕತ್ತೆ ಹೊಡೆದುಕೊಂಡು ಜೊತೆಗೆ ಬಂದ ನೆಕ್‌ಕದಮ್,
ಸೋವಿಯತ್ ಕಾಲದ ನೀರುಕಾವಲಿನವ,
"ಹೆಣ ನೋಡದೆ ಸಾವು ಬರೆಯುತ್ತೀಯಾ?" ಅಂದ.

ಹಿಮ ಕೆರೆದೆ. ಹೊಸ ಬ್ಯಾಟರಿ, ಒಂದು ತಂತಿ.
ಪರದೆಯ ಮೇಲೆ ಸಾಲುಗಳು ಎದ್ದವು:

ಆಗಸ್ಟ್ ಹತ್ತೊಂಬತ್ತು, ರಾತ್ರಿ. ನೀರು ಒಂದು ಗೇಣು ಏರಿದೆ.
ತಿರಸ್ಕೃತ.
ಎರಡು ಗೇಣು. ತಿರಸ್ಕೃತ.
ಒಂದು ಮೊಳ.
ತಿರಸ್ಕೃತ.

ಚಳಿಗೆ ಸೆಡೆತ ಹರಳು ರಾತ್ರಿಗಿಷ್ಟು ಹಿಂದೆ ಬಿದ್ದು
ಅಷ್ಟರಲ್ಲಿ ಏಳು ನಿಮಿಷ ತಡವಾಗಿತ್ತು ಅದರ ಗಡಿಯಾರ.
ಮುದ್ರೆ ಸರಿ, ಮಾತು ನಿಜ, ಹೊತ್ತು ತಪ್ಪು.
ದನಿ ಏರಿಸಿತು. ಇನ್ನೂ ಏರಿಸಿತು.
ಆರುನೂರ ಹನ್ನೆರಡು ಸಲ,
ನಾಲ್ಕು ವರ್ಷಕ್ಕೆಂದು ಕೊಟ್ಟ ಬ್ಯಾಟರಿ
ಒಂದು ರಾತ್ರಿಗೆ ಸುರಿದು.

ಆ ರಾತ್ರಿ ಕೆಳಗೆ ಊರಲ್ಲಿ ಮದುವೆ. ನಾನೂ ಕುಣಿದಿದ್ದೆ.
ಬೆಳಗಿನ ಹೊತ್ತಿಗೆ ನೀರು ತಾನಾಗಿಯೇ
ಮಂಜಿನಡಿ ದಾರಿ ಹುಡುಕಿಕೊಂಡು ಜಾರಿದೆ.
ಯಾರೂ ಸಾಯಲಿಲ್ಲ. ಯಾರಿಗೂ ತಿಳಿಯಲಿಲ್ಲ.

ನೆಕ್‌ಕದಮ್ ಓದಲಾರ; ಓದಿ ಹೇಳಿದೆ.
ಬಹಳ ಹೊತ್ತು ಕತ್ತೆಯ ಪಟ್ಟಿ ಬಿಗಿಯುತ್ತಿದ್ದ.
"ನೀರು ಬರುತ್ತದೆಂದು ನಾನೂ ಒಮ್ಮೆ ಓಡಿ ಇಳಿದಿದ್ದೆ.
ಮೊದಲು ನನ್ನ ಬಾಯಿ ಮೂಸಿ ನೋಡಿದರು."

ಕಾನೂನು ತೆಗೆಯಲಿಲ್ಲ ನಾನು, ಕಳ್ಳರು ನಿಜವಾಗಿಯೂ ಇದ್ದಾರೆ.
ಒಂದು ಸಾಲು ಸೇರಿಸಿದೆ, ಬೆರಳು ಮರಗಟ್ಟುತ್ತಿರುವಾಗ:
ಮುದ್ರೆ ಸರಿಯಿದ್ದು ಹೊತ್ತು ತಪ್ಪಿದವನನ್ನು ಅಟ್ಟಬೇಡ,
ಹೊಸದೊಂದು ಗುರುತಿನ ಮಾತು ಕೊಟ್ಟು
ಅದರೊಡನೆ ಇನ್ನೊಮ್ಮೆ ಹೇಳೆನ್ನು.
ಇದಕ್ಕೆ ಒಂದೊಂದರ ಆಯುಸ್ಸಿನಲ್ಲೂ
ವರ್ಷಕ್ಕೆ ಹನ್ನೊಂದು ದಿನ ಖರ್ಚು.
ಆಗಲಿ.

ಹದಿನೇಳು ಕಣ್ಣು ಬಿಟ್ಟಿತು. ನೀರು ನೋಡಿತು.
ಹೇಳುವಂಥದ್ದೇನೂ ಇರಲಿಲ್ಲ, ಮಲಗಿತು.
ನಾವಿಬ್ಬರೂ ಇನ್ನು ಹತ್ತು ನಿಮಿಷ
ಅಲ್ಲೇ ನಿಂತಿದ್ದೆವು.