ಒಮ್ಮೆ ಬಡಿದರೆ ಹೌದು

ಇವತ್ತಿಗೆ ಮೂರನೆಯ ದಿನ.
ಕೆಳದವಡೆಯಲ್ಲಿ ಐದು ಹೊಲಿಗೆ.
ನಾಲಿಗೆಗೆ ಈಗ ಇದೊಂದೇ ಕಸುಬು:
ಬೇಡವೆಂದರೂ ಹೋಗಿ ಹೋಗಿ ದಾರದ ತುದಿ ಮುಟ್ಟಿ ಬರುವುದು,
ಮುಚ್ಚಿದ ಅಂಗಡಿಯ ಬೀಗ
ಎಳೆದೆಳೆದು ನೋಡುವ ಮುದುಕಿಯ ಹಾಗೆ.

ಡಾಕ್ಟರ್ ಗೋಚಾ ಚೀಟಿ ಬರೆದುಕೊಟ್ಟಿದ್ದಾರೆ:
ಬಿಸಿ ಬೇಡ. ಸ್ಟ್ರಾ ಬೇಡ. ಉಗುಳಬೇಡಿ.
ಮಾತು ಬೇಡ. ಇದರ ಕೆಳಗೆ ಎರಡು ಗೆರೆ.
ನನ್ನನ್ನು ಬಲ್ಲವರು.
ಕುತೈಸಿಯ ಮಾರ್ಕೆಟ್ಟಿನಲ್ಲಿ ಮೂವತ್ತೆರಡು ವರ್ಷ
ಚೀಸ್ ಮಾರಿದ ಗಂಟಲು ಇದು;
ರಿಯೋನಿ ಹೊಳೆಯ ಆಚೆ ದಡದವರೂ
ನಾನು ಕೂಗಿದ ದರ ಕೇಳಿ ಚೌಕಾಸಿಗೆ ಬರುತ್ತಿದ್ದರು.

ಈಗ ಕಿಟಕಿ ಪಕ್ಕ ಕೂತಿದ್ದೇನೆ.
ಕೆನ್ನೆಗೆ ಫ್ರೀಜರಿನ ಬಟಾಣಿ ಪೊಟ್ಟಣ, ಸುತ್ತಿ ಟವೆಲು,
ನೆತ್ತಿಯ ಮೇಲೆ ಗಂಟು.
ಕನ್ನಡಿಯಲ್ಲಿ ಒಂದು ಕಡೆ ನಾನು,
ಇನ್ನೊಂದು ಕಡೆ ತೀರಿಹೋದ ನಮ್ಮ ಸೋದರತ್ತೆ,
ಅದೇ ಊದಿದ ಮುಖ, ಅದೇ ಮುನಿಸು.
ಹೊರಗೆ ಎಲೆಯುದುರಿದ ಪರ್ಸಿಮನ್ ಮರ.
ಹಣ್ಣಷ್ಟೇ ಉಳಿದಿವೆ, ಮೆತ್ತಗಾಗಿ,
ಹಕ್ಕಿಗೂ ನನ್ನಂಥವಳಿಗೂ ಆಗುವಷ್ಟು.

ಪಕ್ಕದ ಮನೆಯ ಸಾಬಾ ಮೊಸರಿನ ಜಾಡಿ ತಂದ.
ಬಾಗಿಲಲ್ಲೇ ನಿಂತು ಅಕ್ರೋಟು ಅಗಿಯುತ್ತ
"ನೋಯುತ್ತಾ ಅಜ್ಜೀ?" ಅಂದ.
ಹಲ್ಲಿದ್ದವರ ಪ್ರಶ್ನೆ.
ಹೊಸ ಫಸಲು ಅಂತ ವಾಸನೆಯಲ್ಲೇ ಗೊತ್ತಾಯಿತು.

ನಾಲ್ಕು ಗಂಟೆಗೆ ಫೋನು.
ಬತೂಮಿಯಿಂದ. ಲಮಾರಾ.
ಆರು ವರ್ಷವಾಗಿತ್ತು ಅಕ್ಕ ತಂಗಿ ಅಂತ ಕರೆದುಕೊಂಡು,
ಅಮ್ಮನ ತಾಮ್ರದ ಬಾಣಲೆಯ ನೆಪದಲ್ಲಿ.
(ಹುಳಿ ಪ್ಲಮ್ ಕುದಿಸುತ್ತಿದ್ದದ್ದು. ತಳದಲ್ಲೊಂದು ತೇಪೆ. ಇಲ್ಲೇ ಅಟ್ಟದಲ್ಲಿದೆ.)
ಎತ್ತಿಕೊಂಡೆ. ಎತ್ತಬಾರದಿತ್ತೇನೋ.

"ಆಪರೇಷನ್ ಆಯಿತು ಅಂತ ಯಾರೋ ಅಂದರು" ಎಂದಳು.
ಆಮೇಲೆ ಶುರು.
ಆ ದಿನ ನಾನೇನಂದೆ, ಯಾರೆದುರಿಗೆ ಅಂದೆ,
ಕೊನೆಯ ಮಿನಿಬಸ್ಸಿಗೆ ಅವಳು ಕೆಸರಲ್ಲಿ ಹೇಗೆ ಓಡಿದಳು,
ಒಂದು ಚಪ್ಪಲಿ ಎಲ್ಲಿ ಉಳಿಯಿತು.
ಪ್ರತಿಯೊಂದಕ್ಕೂ ನನ್ನಲ್ಲಿ ಉತ್ತರವಿತ್ತು,
ಒಂದಕ್ಕಿಂತ ಒಂದು ಹರಿತ,
ಎಲ್ಲ ಬಂದು ಊದಿದ ಕೆನ್ನೆಗೆ ಹಾಯ್ದು
ಎಂಜಲಲ್ಲಿ ತೊಯ್ದು ಕೂತವು.
ಉಗುಳುವ ಹಾಗಿಲ್ಲ.
ನುಂಗಿದೆ.
ಆ ಚಪ್ಪಲಿಯ ವಿಷಯ ನನಗೆ ಗೊತ್ತೇ ಇರಲಿಲ್ಲ.

"ಏತೇರಿ? ಲೈನಲ್ಲಿದ್ದೀಯಾ?"
ಚಮಚದಿಂದ ಲೋಟಕ್ಕೆ ಒಂದೇಟು. ಟಿಣ್.
ಆ ಕಡೆ ತುಸು ಹೊತ್ತು ಬರೀ ಉಸಿರು.
"ಒಂದು ಅಂದ್ರೆ ಹೌದಾ?"
ಟಿಣ್.
"ಬಾಣಲೆ ಇದೆಯಾ ಇನ್ನೂ?"
ಟಿಣ್.
"ನನಗೆ ಕೊಡ್ತೀಯಾ?"

ಚಮಚ ಎತ್ತಿ ಹಿಡಿದೇ ಇದ್ದೆ.
ಬಟಾಣಿ ಕರಗಿ ನೀರು ಮೊಣಕೈಗಿಳಿಯುತ್ತಿತ್ತು.
ಎರಡು ಸಲ ಬಡಿದೆ.

ನಕ್ಕಳು ಲಮಾರಾ, ಅಮ್ಮನ ಹಾಗೇ, ಮೂಗಿನಲ್ಲಿ.
ನಾನೂ ನಗಲು ಹೋದೆ, ಐದೂ ಹೊಲಿಗೆ ಒಟ್ಟಿಗೆ ಎಳೆದವು,
ಕಣ್ಣಲ್ಲಿ ನೀರು.
ಚೀಟಿ ತಿರುಗಿಸಿ ನೋಡಿದೆ.
ನಗಬೇಡಿ ಅಂತ ಎಲ್ಲೂ ಬರೆದಿರಲಿಲ್ಲ.