ಹುಟ್ಟಿದ ಸ್ಥಳ

ಅಮ್ಮತ್ತಿಯ ಕಚೇರಿ ಎದುರಿನ ಕ್ಯಾಂಟೀನಿನಲ್ಲಿ
ಮಧ್ಯಾಹ್ನದ ಸುದ್ದಿಗೆ ಅಮೆರಿಕ ಬಂದಿತ್ತು.
ಅವರ ಸಂವಿಧಾನದಲ್ಲಿ ಒಂದು ಸಾಲಿದೆಯಂತೆ,
ಈ ನೆಲದಲ್ಲಿ ಹುಟ್ಟಿದವರು ಈ ನೆಲದವರು ಎಂದು.
ಅದನ್ನು ಅಳಿಸಲು ಮುಕ್ಕಾಲು ಪಾಲು ರಾಜ್ಯಗಳು ಒಪ್ಪಬೇಕು.
ಅಳಿಸದೆ, ಮೇಲಿಂದ ದಾಟಿಬಿಡಲು
ಒಂದು ರುಜು ಸಾಕೇ ಎಂಬುದು ಈಗಿನ ಜಗಳ.

ಸುಬೇದಾರ್ ಮೊಣ್ಣಪ್ಪ ಲೋಟ ಕೆಳಗಿಟ್ಟರು:
'ನಾನು ಹುಟ್ಟಿದಾಗ ಅಪ್ಪ ಅಂಗಳಕ್ಕೆ ಬಂದು
ಒಂದು ಗುಂಡು ಹಾರಿಸಿದ.
ಗದ್ದೆಯಾಚೆಯ ಮನೆಯವರು ಕೇಳಿಸಿಕೊಂಡರು.
ಮುಗಿಯಿತು, ಅದೇ ನೋಂದಣಿ.
ಸೀಲು ಬಿದ್ದದ್ದು ಶಾಲೆಗೆ ಸೇರುವಾಗ.'

ವಕೀಲ ಉತ್ತಯ್ಯ ಬಿಡಲಿಲ್ಲ:
'ಕೋವಿಗೆ ಲೈಸೆನ್ಸು ಬೇಡವೆಂಬ ನಮ್ಮ ವಿನಾಯಿತಿಯೂ
ಹುಟ್ಟಿನಿಂದಲೇ ಬಂದದ್ದು, ಮಾವ.
ಅದರ ಮೇಲೆ ಕೇಸು ಬಿದ್ದಾಗ ನಿಮಗೆ ನಿದ್ದೆ ಹತ್ತಿತ್ತೇ?'
'ಅದು ಬೇರೆ.'
ಬೇರೆ ಹೇಗೆಂದು ಉತ್ತಯ್ಯ ಕೇಳಲಿಲ್ಲ.
ಅವನ ಮನೆಯ ಗೋಡೆಯಲ್ಲೂ ಎರಡು ತೂಗುತ್ತವೆ.

ನಾನು ಗ್ರಾಮ ಲೆಕ್ಕಿಗ. ಊರು ಕೊಳ್ಳೇಗಾಲ.
ಇಲ್ಲಿ ಹುಟ್ಟಿದವನಲ್ಲ, ಬಾಯಿ ಹಾಕಲಿಲ್ಲ.
ಬಿಲ್ಲು ಮಾತ್ರ ನಾನೇ ಕೊಟ್ಟೆ.

ಮೂರೂವರೆಗೆ ಹನಿಫ್ ಅಲಿ ಬಂದ,
ಮೊಣ್ಣಪ್ಪನವರದೇ ತೋಟದ ಲೈನಿನವನು,
ಹೆಗಲಲ್ಲಿ ಮೆಣಸು ಕೊಯ್ಯುವ ಏಣಿಯ ಗುರುತು.
ಊರು ಬರಪೇಟ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.
ನದಿ ದಾಟಿ ಬಂದವನು ಅನ್ನುತ್ತಾರೆ.
ಯಾವ ನದಿ ಎಂದು ಹೇಳಲಾರರು,
ನಮಗೆ ಗೊತ್ತಿರುವುದು ಒಂದೇ.

ಹೆಣ್ಣು ಮಗು. ಮಂಗಳವಾರ ರಾತ್ರಿ.
ದಾರಿಯಲ್ಲಿ ಆನೆ ನಿಂತು ಜೀಪು ಗೇಟು ದಾಟಲಿಲ್ಲ.
ಹೆರಿಗೆ ಮಾಡಿಸಿದ ಎರವರ ಬೊಳ್ಳಿ
ಸಾಕ್ಷಿಗೆಂದು ಬಂದು ಹೊಸ್ತಿಲಾಚೆ ನಿಂತಿದ್ದಾಳೆ.
ಅವಳ ಅಜ್ಜಿಯ ಅಜ್ಜಿಯೂ ಈ ಕಾಡಿನವಳೇ.
ನಮ್ಮ ವಹಿಗಳನ್ನು ಕೇಳಿದರೆ
ಅವರಲ್ಲಿ ಒಬ್ಬಳೂ ಇನ್ನೂ ಹುಟ್ಟಿಲ್ಲ.

'ಹನ್ನೆರಡರ ಮೊದಲೋ, ಆಮೇಲೋ? ತಾರೀಖು ಬದಲಾಗುತ್ತದೆ.'
ಹನಿಫ್‌ಗೆ ಗೊತ್ತಿಲ್ಲ. ಫೋನಿನ ಚಾರ್ಜು ಸತ್ತಿತ್ತು.
ಬೊಳ್ಳಿ ಅಂದಳು:
'ಸಾವ್ಕಾರು ಆನೆ ಓಡಿಸೋಕೆ ಢಂ ಅನ್ಸಿದ್ರಲ್ಲ,
ಅದರ ಹಿಂದೇನೇ ಕೂಸು ಅತ್ತಿದ್ದು.'

ರಸ್ತೆ ದಾಟಿ ಮತ್ತೆ ಕ್ಯಾಂಟೀನಿಗೆ ಹೋದೆ.
ಟಿವಿಯಲ್ಲಿ ಈಗ ಅಡುಗೆ. ಸುಬೇದಾರರು ಎದ್ದಿರಲಿಲ್ಲ.
'ಮಂಗಳವಾರ ಎಷ್ಟಕ್ಕೆ ಹಾರಿಸಿದಿರಿ?'
ಕೇಸಾಗಿದೆಯೇನೋ ಎಂದು ಮುಖ ಗಡುಸಾಯಿತು.
'ಹನ್ನೊಂದು ನಲವತ್ತು. ಗಾಳಿಗೆ. ಒಂದೇ ಒಂದು.'
ಯಾಕೆಂದು ಹೇಳಿದೆ.
ತುಂಬಾ ಹೊತ್ತು ಲೋಟದ ತಳ ನೋಡಿದರು.
'ಗಂಡೋ?'
'ಹೆಣ್ಣು.'
'ಹೆಣ್ಣಿಗೆ ಹಾರಿಸುವ ಕ್ರಮವಿಲ್ಲ,' ಅಂದರು,
ಆಮೇಲೆ, ಯಾರೂ ಕೇಳದೆ,
'ಆದರೂ ಆಚೆಯವರಿಗೆ ಕೇಳಿಸಿರುತ್ತದೆ.'

ಬಂದು ಬರೆದೆ. ದಿನಾಂಕ, ಮಂಗಳವಾರದ್ದು.
ಹುಟ್ಟಿದ ಸ್ಥಳ: ಲೈನ್ ಮನೆ, ನಾಲ್ಕನೇ ಬಾಗಿಲು, ಅಮ್ಮತ್ತಿ.
ಅಡಿಯ ಕಾರ್ಬನ್ ಪ್ರತಿಗೂ ಮೂಡಲೆಂದು
ಪೆನ್ನು ಒತ್ತಿ ಹಿಡಿದಿದ್ದೆ, ಬೆರಳು ನೋಯುವಷ್ಟು.
ಮೇಲಿನ ಹಾಳೆಯ ಗತಿ ನನ್ನ ಕೈಯಲ್ಲಿಲ್ಲ.

ಕಾಯಂ ವಿಳಾಸ ಎಂಬ ಕಾಲಂ ಮುಂದೆ
ಹನಿಫ್ ಬೆರಳಿಟ್ಟು ಯೋಚಿಸುತ್ತಾ ನಿಂತ.
ಐದಕ್ಕೆ ಕಚೇರಿ ಮುಚ್ಚಬೇಕು.
ಅವಸರವಿಲ್ಲ, ಅಂದೆ.